ಸುರಹೊನ್ನೆಯ ಆರದ ಕೆಂಡ

ಬಹಳ ಹಿಂದೆ, ಬೆಟ್ಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಸುರಹೊನ್ನೆ ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಇನ್ನೂರ ಹನ್ನೆರಡು ಮನೆಗಳು. ಅರಮನೆಯನ್ನೂ ಸೇರಿಸಿದರೆ ಇನ್ನೂರ ಹದಿಮೂರು. ಆ ಊರಿಗೊಂದು ಕಟ್ಟಳೆಯಿತ್ತು. ಸಂಜೆಯ ಅಡುಗೆ ಮುಗಿದೊಡನೆ ಎಲ್ಲರೂ ಒಲೆ ಆರಿಸಬೇಕು. ಗುಡಿಯಲ್ಲಿ ಮಾತ್ರ ಬೆಂಕಿ ಉಳಿಯುತ್ತಿತ್ತು. ಬೆಳಗಾದರೆ ಗುಡಿಯಿಂದ ಮೊದಲ ಮನೆಗೆ ಕೆಂಡ, ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಅದರ ಪಕ್ಕದ ಮನೆಗೆ. ಹೀಗೆ ಕೈಯಿಂದ ಕೈಗೆ ಸಾಗಿ ಕೊನೆಗೆ ಅರಮನೆಯ ಒಲೆ ಹೊತ್ತಿಕೊಳ್ಳಬೇಕು. ಕೆಂಡಕ್ಕೆ ಬಂದವರು ಹೊಸಿಲಲ್ಲಿ ನಿಂತು, "ಮನೆಯಲ್ಲಿ ಎಲ್ಲರೂ ಎದ್ದರೇ?" ಎಂದು ಕೇಳದೆ ಕೆಂಡ ಮುಟ್ಟುವಂತಿರಲಿಲ್ಲ. ರಾಣಿಗೂ ಅದೇ ನಿಯಮ.

ಊರಿನ ಪಡುವಣಕ್ಕೆ ಒಂದು ಬೋಳುಗುಡ್ಡ. ಅದರ ಗವಿಯಲ್ಲಿದ್ದ ಶೂನ್ಯಜಂಘನೆಂಬ ಮಾಯಾವಿ ಒಂದು ದಿನ ಅರಮನೆಗೆ ಬಂದ.

"ಮಹಾರಾಜ, ನಿನ್ನ ಪ್ರಜೆಗಳು ದಿನಾ ಬೆಳಗ್ಗೆ ನೆರೆಮನೆಯ ಮುಂದೆ ಭಿಕ್ಷುಕರ ಹಾಗೆ ನಿಲ್ಲುವುದು ನಿನಗೆ ಶೋಭೆಯೇ? ಮನೆಗೊಂದು ಆರದ ಕೆಂಡ ಕೊಡುತ್ತೇನೆ. ಪ್ರತಿಫಲ ಬೇಡ. ಹೊರಗಿನ ಗಾಳಿ ತಾಗದಂತೆ ಬಾಗಿಲು ಹಾಕಿಕೊಂಡಿರಲಿ, ಅಷ್ಟೇ ಸಾಕು."

ಅಮೋಘಭೂಪ ಮಹಾರಾಜ ಒಳ್ಳೆಯವನು, ಆದರೆ ಹೊಸದೆಂದರೆ ಹಿಗ್ಗುವವನು. ಡಂಗುರ ಸಾರಿಸಿದ. ಅಂದೇ ಇನ್ನೂರ ಹದಿಮೂರು ಒಲೆಗಳಲ್ಲಿ ನೀಲಿ ಕೆಂಡ ಕೂತಿತು. ಗುಡಿಯ ಬೆಂಕಿಯನ್ನು ಕೇಳುವವರಿಲ್ಲದೆ ಅದು ತಾನಾಗಿ ನಂದಿಹೋಯಿತು.

ಮೊದಲ ವರ್ಷ ಎಲ್ಲರಿಗೂ ಸುಖವೆನಿಸಿತು. ಎರಡನೆಯ ವರ್ಷ ಕೆಂಡ ಪಿಸುಗುಟ್ಟತೊಡಗಿತು. ಬಾಗಿಲು ಹಾಕಿದ ಮನೆಯಲ್ಲಿ, ಒಬ್ಬರೇ ಕೂತಿದ್ದಾಗ, "ಪಕ್ಕದವರು ನಿನ್ನನ್ನು ಏನಂದರು ಗೊತ್ತೇ?" ಎನ್ನುತ್ತಿತ್ತು. ಮೂರನೆಯ ವರ್ಷ ರೋಗ ಬಂತು. ಮೊದಲು ನಿದ್ದೆ ಹೋಗುತ್ತಿತ್ತು, ಆಮೇಲೆ ಹಸಿವು, ಆಮೇಲೆ ದನಿ. ಕೊನೆಗೆ ನೆರಳು ಕಾಲಿನಿಂದ ಕಳಚಿಕೊಂಡು, ಹಾವಿನ ಹಾಗೆ ಬಾಗಿಲ ಸಂದಿಯಲ್ಲಿ ಹರಿದು, ಬೋಳುಗುಡ್ಡದ ಕಡೆಗೆ ಹೋಗಿಬಿಡುತ್ತಿತ್ತು. ನೆರಳು ಹೋದವರು ಉಸಿರಾಡುತ್ತಿದ್ದರು, ಅಷ್ಟೇ. ನೇಕಾರ ಬೊಪ್ಪಯ್ಯ ಹಾಗೆ ಮಗ್ಗದ ಮುಂದೆ ಕೂತು ಒಂಬತ್ತು ದಿನವಾದ ಮೇಲೆ ಊರಿಗೆ ತಿಳಿಯಿತು. ಕೆರೆಯ ತೂಬು ಸೋರುವುದನ್ನು ನಲವತ್ತು ಜನ ಕಂಡಿದ್ದರು. ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಕೆರೆ ಬತ್ತಿತು.

ಇದು ಉಸಿರಿನಿಂದ ಹರಡುವ ರೋಗವೆಂದು ರಾಜವೈದ್ಯರು ನಿರ್ಧರಿಸಿದರು. ರೋಗಿಯನ್ನು ಒಂದು ಕೋಣೆಯಲ್ಲಿ ಒಂಟಿಯಾಗಿಟ್ಟು ಅಗಳಿ ಹಾಕಬೇಕೆಂದು ರಾಜಾಜ್ಞೆಯಾಯಿತು. ಅಂದಿನಿಂದ ನೆರಳುಗಳು ಎರಡರಷ್ಟು ಬೇಗ ಕಳಚತೊಡಗಿದವು.

ಕುಂಬಾರಗೇರಿಯ ಚೆನ್ನಾಜಿಗೆ ಒಬ್ಬಳೇ ತಂಗಿ, ಮುದ್ದವ್ವ. ತಾಯಿ ತೀರಿಕೊಂಡ ಮೇಲೆ ಚೆನ್ನಾಜಿಗೆ ಬೇರೆ ಯಾರೂ ಇರಲಿಲ್ಲ. ಮುದ್ದವ್ವನ ದನಿ ಹೋಗಿ ಆಗಲೇ ಹನ್ನೊಂದು ದಿನ. ರಾಜಭಟರು ಬಂದು ಅವಳ ಕೋಣೆಗೆ ಅಗಳಿ ಹಾಕಿ ಹೋಗಿದ್ದರು. ಕಿಟಕಿಯಿಂದ ನೋಡಿದರೆ ತಂಗಿಯ ನೆರಳು ಮೊಣಕಾಲಿನವರೆಗೆ ಬಿಟ್ಟುಕೊಂಡು ನೆಲದ ಮೇಲೆ ಮಿಡುಕುತ್ತಿತ್ತು.

"ಇನ್ನು ಮೂರು ದಿನ," ಎಂದಿತು ಒಲೆಯ ಕೆಂಡ.

"ಬಾಯಿ ಮುಚ್ಚು," ಎಂದು ಚೆನ್ನಾಜಿ ಒಂದು ಕೊಡ ನೀರು ಸುರಿದಳು. ಕೆಂಡ ನಕ್ಕಿತು, ನೀರೇ ಆವಿಯಾಯಿತು.

ಮೊದಲ ದಿನ ಚೆನ್ನಾಜಿ ಮಣ್ಣು ಅಗೆಯುವ ಗುದ್ದಲಿ ಹಿಡಿದು ಬೋಳುಗುಡ್ಡ ಹತ್ತಿದಳು. ಗವಿಯ ಬಾಯಲ್ಲಿ ಒಂದು ಮೃಗ ಮಲಗಿತ್ತು. ತೋಳದ ಮೋರೆ, ಕಣ್ಣಿರಬೇಕಾದಲ್ಲಿ ಬರಿಯ ಗುಳಿ. ಅವಳು ನೋಡುತ್ತಿದ್ದಂತೆ ಅದು ಎತ್ತಿನಷ್ಟಾಯಿತು, ಆನೆಯಷ್ಟಾಯಿತು, ಆಕಾಶ ಮುಚ್ಚುವಷ್ಟಾಯಿತು. ಗುದ್ದಲಿ ಕೈಜಾರಿತು. ಓಡಿ ಬಂದಳು.

ಎರಡನೆಯ ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋದಳು. ನೋಡದಿದ್ದರೆ ಅದು ಬೆಳೆಯುವುದಿಲ್ಲವೆಂದು ಎಣಿಸಿದಳು. ಆದರೆ ನೋಡದಿದ್ದರೂ ಅದರ ಉಸಿರು ಕುತ್ತಿಗೆಗೆ ತಾಗಿತು, ಅವಳ ಸ್ವಂತ ನೆರಳಿನ ಅಂಚನ್ನು ಯಾರೋ ಹಲ್ಲಿನಿಂದ ಹಿಡಿದು ಎಳೆದ ಹಾಗಾಯಿತು. ಬಟ್ಟೆ ಕಿತ್ತೆಸೆದು ಬಂಡೆಯ ಹಿಂದೆ ಬಿದ್ದಳು. ಆಗ ಒಂದು ಸೋಜಿಗ ಕಂಡಿತು. ಎರಡು ಕಾಗೆಗಳು ಬಂದು ಬಂಡೆಯ ಮೇಲೆ ಕೂತು, ಜೊತೆಯಾಗಿ ಆ ಮೃಗವನ್ನು ನೋಡಿದವು. ಮೃಗ ಕುಗ್ಗುತ್ತ ಕುಗ್ಗುತ್ತ ಬೆಕ್ಕಿನಷ್ಟಾಗಿ ಮುದುರಿತು. ಒಂದು ಕಾಗೆ ಹಾರಿಹೋಯಿತು. ಮೃಗ ಮತ್ತೆ ಆನೆಯಷ್ಟಾಯಿತು.

ಚೆನ್ನಾಜಿಗೆ ತಿಳಿಯಿತು. ಅದಕ್ಕೆ ಕತ್ತಿ ಬೇಡ, ಮಂತ್ರ ಬೇಡ. ಇನ್ನೊಂದು ಜೊತೆ ಕಣ್ಣು ಬೇಕು. ಆದರೆ ಯಾರನ್ನು ಕರೆಯುವುದು?

ಮೂರನೆಯ ದಿನ ಬೆಳಗ್ಗೆ ಅವಳು ಪಕ್ಕದ ಮನೆಯ ಮುಂದೆ ನಿಂತಿದ್ದಳು. ಅದು ಗಿರಿಯವ್ವನ ಮನೆ. ತಾಯಿ ಸತ್ತ ದಿನ ಗಿರಿಯವ್ವ ಬರಲಿಲ್ಲ. ಅಂದಿನಿಂದ ಎರಡು ವರ್ಷ ಮಾತಿಲ್ಲ. ಚೆನ್ನಾಜಿ ಕೈ ಎತ್ತಿದಳು, ಇಳಿಸಿದಳು. ತನ್ನ ಮನೆಯ ಒಲೆಯಿಂದ ಕೆಂಡ ಕೂಗಿತು: "ಬಾಗಿಲು ತೆರೆಯುವುದಿಲ್ಲ ಅವಳು. ತೆರೆದರೆ ಉಗಿಯುತ್ತಾಳೆ. ನೀನು ಸತ್ತರೂ ಅವಳಿಗೆ ಬೇಕಾಗಿಲ್ಲ."

ಆದರೂ ಹಳೆಯ ಅಭ್ಯಾಸದ ಮಾತು ತಾನಾಗಿ ಹೊರಟಿತು.

"ಮನೆಯಲ್ಲಿ ಎಲ್ಲರೂ ಎದ್ದರೇ?"

ಒಳಗಿನಿಂದ ಅಗಳಿ ಸರಿಯಿತು. ಗಿರಿಯವ್ವ ಕಡ್ಡಿಯಾಗಿದ್ದಳು; ಅವಳ ನೆರಳೂ ಹಿಮ್ಮಡಿಯ ಹತ್ತಿರ ಬಿಟ್ಟುಕೊಂಡಿತ್ತು.

"ಎಲ್ಲರೂ ಅಂದರೆ ಯಾರೇ?" ಎಂದಳು, ಒಡಕು ದನಿಯಲ್ಲಿ. "ಇರುವವಳು ನಾನೊಬ್ಬಳು. ಎದ್ದಿದ್ದೇನೆ. ಏನಾಗಬೇಕಿತ್ತು?"

"ನನ್ನ ಜೊತೆ ಬೋಳುಗುಡ್ಡಕ್ಕೆ ಬರಬೇಕು ಗಿರಿಯವ್ವ."

"ಎರಡು ವರ್ಷದ ಮೇಲೆ ಬಂದು ಕೇಳುವುದು ಇದನ್ನೇ? ಒಂದು ಚಿಟಿಕೆ ಉಪ್ಪು ಕೇಳಿದ್ದರೆ ಆಗುತ್ತಿರಲಿಲ್ಲವೇ?" ಎನ್ನುತ್ತಲೇ ಮುದುಕಿ ಊರುಗೋಲು ತೆಗೆದುಕೊಂಡಳು.

ಹಿಂದಿನ ಎರಡು ದಿನ ಆದದ್ದನ್ನೆಲ್ಲ ಚೆನ್ನಾಜಿ ಹೇಳುತ್ತಿದ್ದಂತೆ ಇಬ್ಬರೂ ಗುಡ್ಡ ಹತ್ತಿದರು. ಮೃಗ ಎದ್ದು ನಿಂತು ಬಾಯಿ ತೆರೆಯಿತು.

"ಅವ್ವಾ, ಕಣ್ಣು ಮುಚ್ಚಬೇಡ. ನನ್ನ ಕೈ ಹಿಡಿ. ಇಬ್ಬರೂ ಒಟ್ಟಿಗೆ ನೋಡಬೇಕು."

ಇಬ್ಬರೂ ನೋಡಿದರು. ಆನೆ ಎತ್ತಾಯಿತು, ಎತ್ತು ಬೆಕ್ಕಾಯಿತು. ಗಿರಿಯವ್ವ ಊರುಗೋಲಿನಿಂದ ಅದನ್ನು ಪಕ್ಕಕ್ಕೆ ತಳ್ಳಿ, "ಥೂ, ಇದಕ್ಕೇ ಹೆದರಿ ಎರಡು ದಿನ ಓಡಿ ಬಂದೆಯಾ?" ಎಂದಳು.

ಗವಿಯೊಳಗೆ ಕೊರೆಯುವ ಚಳಿ. ನಡುವೆ ಒಂದು ದೊಡ್ಡ ನೀಲಿ ಕೆಂಡ, ಎಲ್ಲ ಕೆಂಡಗಳ ತಾಯಿ. ಅದರ ಪಕ್ಕದಲ್ಲಿ ಶೂನ್ಯಜಂಘ ಕೂತಿದ್ದ. ಅವನ ಮೈತುಂಬ ಕಪ್ಪು ಕಂಬಳಿ. ಹತ್ತಿರ ಹೋದ ಮೇಲೆ ತಿಳಿಯಿತು: ಅದು ಕಂಬಳಿಯಲ್ಲ, ಊರವರ ನೆರಳುಗಳನ್ನು ನೇಯ್ದ ಹೊದಿಕೆ. ಒಂದು ಮೂಲೆಯಲ್ಲಿ ನೇಕಾರ ಬೊಪ್ಪಯ್ಯನ ಗೂನು ಬೆನ್ನು ಕಂಡಿತು. ಅಂಚು ಇನ್ನೂ ಮುಗಿದಿರಲಿಲ್ಲ. ಅಲ್ಲಿ ಒಂದು ಎಳೆಯ ನೆರಳು ಎಳೆಎಳೆಯಾಗಿ ಬಂದು ಸೇರುತ್ತಿತ್ತು. ಅದರ ಜಡೆ ಮುದ್ದವ್ವನದು.

ಮಾಯಾವಿ ಎದ್ದೇಳಲಿಲ್ಲ, ಗದರಲಿಲ್ಲ. ಚೆನ್ನಾಜಿಯ ಕಿವಿಯಲ್ಲಿ ಅವನ ದನಿ ಮೃದುವಾಗಿ ಕೇಳಿಸಿತು: "ನಿನ್ನ ತಾಯಿಯ ಹೆಣ ಅಂಗಳದಲ್ಲಿದ್ದಾಗ ಇವಳು ಬಾಗಿಲು ಹಾಕಿಕೊಂಡು ನಗುತ್ತಿದ್ದಳು." ಅದೇ ಗಳಿಗೆಯಲ್ಲಿ ಗಿರಿಯವ್ವನ ಕಿವಿಯಲ್ಲೂ ಅವನು ಅಂಥದೇ ಏನನ್ನೋ ಉಸುರಿದ; ಅವಳ ಮುಖ ಕಪ್ಪಿಟ್ಟಿತು. ಇಬ್ಬರ ಹಿಡಿದ ಕೈ ಸಡಿಲವಾಯಿತು. ಹಿಂದೆ ಮೃಗದ ಗುರುಗುರು ಕೇಳಿಸಿತು, ಅದರ ಬೆನ್ನು ಗವಿಯ ಚಾವಣಿಗೆ ತಾಗಿತು. ಚೆನ್ನಾಜಿಯ ಕಾಲಿನಿಂದ ನೆರಳು ಕಿತ್ತುಬರತೊಡಗಿತು.

ಅವಳು ಹಲ್ಲು ಕಚ್ಚಿ ಒಳಗೇ ನುಂಗಬಹುದಿತ್ತು. ಎರಡು ವರ್ಷ ಹಾಗೇ ನುಂಗಿದ್ದಳು. ಈ ಸಲ ಕಿರುಚಿಬಿಟ್ಟಳು.

"ನನ್ನ ಅವ್ವ ಸತ್ತಾಗ ನೀನು ಯಾಕೆ ಬರಲಿಲ್ಲ? ಹೇಳು! ನಿನ್ನ ಹೆಸರು ಹಿಡಿದು ಕರೆಯುತ್ತ ಪ್ರಾಣ ಬಿಟ್ಟಳು ಅವಳು!"

"ಯಾಕೆ ಬರಲಿಲ್ಲವೇ?" ಮುದುಕಿಯೂ ಕಿರುಚಿದಳು. "ಚಳಿಜ್ವರದಲ್ಲಿ ಹದಿನೇಳು ದಿನ ಒದ್ದಾಡುತ್ತಿದ್ದೆ! ಬಾಯಿಗೆ ನೀರು ಬಿಡುವವರಿರಲಿಲ್ಲ! ನಡುವೆ ಇರುವುದು ಒಂದೇ ಗೋಡೆ, ನೀನು ಇಣುಕಿ ನೋಡಿದೆಯಾ? ಅವಳು ಹೋದದ್ದು ನನಗೆ ಗೊತ್ತಾದದ್ದೇ ತಿಂಗಳಾದ ಮೇಲೆ. ಯಾವ ಮುಖ ಹೊತ್ತು ಬರಲಿ?"

"ಬಂದು ಹೇಳಬಾರದಿತ್ತೇ?"

"ಬಂದು ಕೇಳಬಾರದಿತ್ತೇ?"

ಚೆನ್ನಾಜಿಗೆ ಅಳು ಒತ್ತರಿಸಿ ಬಂತು. ಗಿರಿಯವ್ವ ಸೆರಗಿನಿಂದ ಅವಳ ಮುಖ ಒರೆಸುತ್ತ ತಾನೂ ಅತ್ತಳು.

"ಅಳಬೇಡಿ! ಅಳಬೇಡಿ!" ಎಂದು ಶೂನ್ಯಜಂಘ ಕೂಗಿದ. ಅವನು ಬದುಕಿದ್ದದ್ದು ಜನ ಒಬ್ಬರಿಗೊಬ್ಬರು ಆಡದೆ ನುಂಗಿದ ಮಾತುಗಳ ಮೇಲೆ. ಅವರಿಬ್ಬರ ಮಾತು ಹೊರಬಂದಷ್ಟೂ ಅವನು ಬತ್ತುತ್ತಿದ್ದ. ತಾಯಿಕೆಂಡದ ನೀಲಿ ಬೂದಿಯಾಯಿತು. ಹೊದಿಕೆಯ ಒಂದು ಎಳೆ ಸಡಿಲವಾಯಿತು, ಆಮೇಲೆ ಇಡೀ ನೇಯ್ಗೆ ಬಿಚ್ಚಿಕೊಂಡಿತು. ಅದರ ಕೆಳಗೆ ಮಾಯಾವಿ ಎಂಬ ಮನುಷ್ಯನೇ ಇರಲಿಲ್ಲ. ಒಂದು ಹಿಡಿ ತಣ್ಣನೆಯ ಗಾಳಿ ಇತ್ತು. ಅದೂ ಹೊರಗೆ ಹೋಯಿತು. ಮೃಗ ಹೊಗೆಯಾಗಿ ಕರಗಿತು. ನೂರಾರು ನೆರಳುಗಳು ಬೆಳ್ಳಕ್ಕಿಗಳ ಸಾಲಿನ ಹಾಗೆ ಗುಡ್ಡ ಇಳಿದು, ಮಧ್ಯಾಹ್ನದ ಬಿಸಿಲಲ್ಲಿ ತಮ್ಮ ತಮ್ಮ ಮನೆ ಹುಡುಕಿಕೊಂಡು ಓಡಿದವು.

ಚೆನ್ನಾಜಿ ಬಂದು ಕೋಣೆಯ ಅಗಳಿ ಮುರಿದಾಗ ಮುದ್ದವ್ವ ಎದ್ದು ಕೂತಿದ್ದಳು, ನೆರಳು ಕಾಲ ಬುಡದಲ್ಲಿ ಭದ್ರವಾಗಿತ್ತು. "ಅಕ್ಕಾ," ಎಂದಳು, "ಎಷ್ಟು ಹಸಿವು ಗೊತ್ತಾ?"

ಆದರೆ ಬೇಯಿಸುವುದು ಹೇಗೆ? ತಾಯಿಕೆಂಡ ಸತ್ತೊಡನೆ ಊರಿನ ಒಲೆಗಳೆಲ್ಲ ತಣ್ಣಗಾಗಿದ್ದವು. ಜನ ಹೊರಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಒಬ್ಬರನ್ನೊಬ್ಬರು ನೋಡುತ್ತ ಗುಡಿಯ ಮುಂದೆ ನೆರೆದರು. ಮಹಾರಾಜನೂ ತಲೆ ತಗ್ಗಿಸಿ ಬಂದ. ಹೊಸ ಬೆಂಕಿ ಹುಟ್ಟಿಸಲು ಮರದ ಕಡೆಗೋಲನ್ನು ಹಗ್ಗದಿಂದ ಕಡೆಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಹಗ್ಗದ ಒಂದು ತುದಿ ಗಿರಿಯವ್ವನ ಕೈಯಲ್ಲಿತ್ತು. ಇನ್ನೊಂದು ತುದಿಯನ್ನು ಅವಳು ಮಹಾರಾಜನ ಕೈಗೆ ತುರುಕಿದಳು.

"ಎಳೆಯಪ್ಪಾ ದೊರೆ. ಅಗಳಿ ಹಾಕಿಸುವುದಕ್ಕೆ ಇದ್ದ ಶಕ್ತಿ ಇದಕ್ಕಿಲ್ಲವೇ?"

ಮಹಾರಾಜ ಪಟ್ಟೆಪೀತಾಂಬರ ಮೇಲೆ ಕಟ್ಟಿ, ಮಣ್ಣಿನಲ್ಲಿ ಕಾಲೂರಿ ಎಳೆದ. ಅವಳು ಎಳೆದಳು, ಅವನು ಎಳೆದ. ಸಂಜೆಯೊಳಗೆ ಕಿಡಿ ಹಾರಿತು, ಕೆಂಪು ಬೆಂಕಿ ಹೊತ್ತಿತು, ಅಂಗೈಯೆಲ್ಲ ಬೊಬ್ಬೆ ಎದ್ದ ಮಹಾರಾಜನಿಗೆ ಆ ರಾತ್ರಿ ಬಹಳ ದಿನಗಳ ಮೇಲೆ ಮೊದಲ ಸಲ ಗಾಢ ನಿದ್ದೆ ಬಂತು. ಸುರಹೊನ್ನೆಯ ಜನ ಅಲ್ಲಿಂದ ಮುಂದೆ ಬೇಕಾದಷ್ಟು ಜಗಳವಾಡಿದರು, ಗಟ್ಟಿಯಾಗಿ ಆಡಿದರು, ಸುಖವಾಗಿ ಬಾಳಿದರು.