ಮೂರನೆಯ ಮಡಿಕೆಗೆ ಶುಂಠಿ

ನಾನು ಎಂಜಿನ್ ರಿಪೇರಿಯವನು. ಎಣ್ಣೆ, ಹೊಗೆ, ಸದ್ದು ಬಿಟ್ಟು ಬೇರೇನನ್ನೂ ನಂಬಿದವನಲ್ಲ. ಇದು ಏಕಸಂಬಿ ಬಸ್ ಸ್ಟ್ಯಾಂಡಿನಲ್ಲಿ, ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ನಡೆದದ್ದು.

ಸುಂದ್ರವ್ವ ಕಾಕುವಿನ ಕಬ್ಬಿನ ಹಾಲಿನ ಗಾಡಿಗೆ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲ್ ಕೂರಿಸಿದ್ದೆ. ಗಾಣಕ್ಕೆ ಕಬ್ಬು ಕೊಟ್ಟು ಭಾರ ಬಿದ್ದರೆ ಎಂಜಿನ್ ತಾನೇ ಜೋರು ಮಾಡಿಕೊಳ್ಳುತ್ತದೆ. ಮೊದಲು ಆ ಕೆಲಸವನ್ನು ಅವಳ ಗಂಡ ಭರಮು ಕೈಯಿಂದ ಎಂಜಿನ್ನಿನ ಆಕ್ಸಿಲರೇಟರ್ ವೈರ್ ಎಳೆದು ಮಾಡುತ್ತಿದ್ದ. ಒಂದೇ ಕಬ್ಬನ್ನು ಮಡಚಿ ಮಡಚಿ ನಾಲ್ಕು ಸಲ ಹಿಂಡುವುದು, ಮೂರನೆಯ ಮಡಿಕೆಗೆ ಶುಂಠಿ ಇಡುವುದು ಅವನ ಪದ್ಧತಿ. ಅವನು ತೀರಿಕೊಂಡು ವರ್ಷವಾಗಿತ್ತು.

ಎಂಜಿನ್ ಚಾಲೂ ಮಾಡಿದೆ. ಗಾಣ ಖಾಲಿ. ಆದರೂ ಎಂಜಿನ್ ನಾಲ್ಕು ಸಲ ತಿಣುಕಿ, ಜೋರಾಗಿ, ಸುಮ್ಮನಾಯಿತು. ನನ್ನ ಮರ್ಯಾದೆ ಹೋಯಿತು ಅಂದುಕೊಂಡೆ.

"ಕಾಕೂ, ಸೆಟಿಂಗ್ ತಪ್ಪೇತಿ."

"ತಪ್ಪಿಲ್ಲೋ ತಮ್ಮಾ. ದಿನಾ ಮೊದಲನೇ ಗ್ಲಾಸ್ ನಮ್ಮವರು ಕುಡೀತಿದ್ರು. ರೂಢಿ ಹೆಂಗ ಬಿಡ್ತಾರ?" ಕಾಕು ಬಾಯ್ತುಂಬ ನಕ್ಕಳು.

ನಾನು ಬೆಲ್ಟ್ ಕಳಚಿ ಹೆಗಲಿಗೆ ಹಾಕಿಕೊಂಡೆ. ಈಗ ಎಂಜಿನ್‌ಗೂ ಗಾಣಕ್ಕೂ ಸಂಬಂಧವೇ ಇರಲಿಲ್ಲ. ಮತ್ತೆ ಚಾಲೂ ಮಾಡಿದೆ. ಒಂದು ಸಲ ತಿಣುಕಿತು. ಎರಡು ಸಲ. ಮೂರನೆಯದಕ್ಕೆ ಘಮ್ಮೆಂದು ಹಸಿ ಶುಂಠಿಯ ವಾಸನೆ ಬಂತು.

"ಇವತ್ತ ಜಾಸ್ತೀನ ಹಾಕ್ಯಾರ ನೋಡು!" ಎಂದಳು ಕಾಕು. ನನಗೂ ನಗು ತಡೆಯಲಾಗಲಿಲ್ಲ.

ನಗುತ್ತಲೇ ಶುಂಠಿ ಡಬ್ಬಿಯ ಮುಚ್ಚಳ ತೆಗೆದೆ. ತೊಳೆದಿಟ್ಟ ಡಬ್ಬಿ, ಒಳಗೆ ಏನೂ ಇರಲಿಲ್ಲ. ಅವತ್ತಿನ ಶುಂಠಿ ಹಿಡಿದುಕೊಂಡು ಕಾಕುವಿನ ಮಗಳು ಸಪನಾ ಆಗಿನ್ನೂ ಪೇಟೆಯಿಂದ ರಸ್ತೆ ದಾಟಿ ಬರುತ್ತಿದ್ದಳು.