ಒಂದೇ ಚುಕ್ಕಿಯ ಕಳವು

ಫಿಲ್ಮ್ ಇತ್ತು. ಅದರ ಮೇಲೆ ನೂರಾರು ಚುಕ್ಕಿಗಳೂ ಇದ್ದವು. ಗಿರಿಧರ ಕಂಡುಹಿಡಿದ ಚುಕ್ಕಿ ಮಾತ್ರ ಇರಲಿಲ್ಲ!

ಪ್ರಿನ್ಸಿಪಾಲರ ಎದುರೇ ಬೀರು ತೆಗೆದಿದ್ದ ಅವನ ಮುಖ ಸುಣ್ಣದಂತಾಯಿತು.

೧೯೯೮ರ ಮಾತು. ಎಕ್ಸ್-ರೇ ಉಪಗ್ರಹವೊಂದಕ್ಕೆ ಆಕಾಶದಲ್ಲಿ ಹೊಸದಾಗಿ ಏನೋ ಭುಗಿಲೆದ್ದದ್ದು ಕಂಡಿತ್ತು. ಕೇರಿ ಗೊತ್ತಾಯಿತು, ಮನೆ ಗೊತ್ತಾಗಲಿಲ್ಲ. ಅಲ್ಲಿರುವ ಚುಕ್ಕಿಗಳಲ್ಲಿ ಎಕ್ಸ್-ರೇ ಉಗುಳುತ್ತಿರುವುದು ಯಾವುದು? ನಮ್ಮ ಹೊಳೆನರಸೀಪುರದ ಕಾಲೇಜಿನ ಅರೆಕಾಲಿಕ ಉಪನ್ಯಾಸಕ ಗಿರಿಧರ ಆ ಕೇರಿಯ ಫೋಟೊ ತೆಗೆದು ತಾನೇ ತೊಳೆದ. ಹೋದ ವರ್ಷದ ಫಿಲ್ಮಿನಲ್ಲಿ ಇಲ್ಲದ ಚುಕ್ಕಿಯೊಂದು ಕಂಡಿತು. ಜಾಗ ಅಳೆಯಲೆಂದು ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅವಸರದಲ್ಲಿ ಬಿಚ್ಚಿಯೂ ನೋಡದೆ ಬೆಂಗಳೂರಿನ ವಿಜ್ಞಾನಿಗಳಿಗೆ ಕಳಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಕಾಲೇಜು ಅವನಿಗೆ ಪೇಟ ಸುತ್ತಿ, ಹಾರ ಹಾಕಿತು.

ಬೆಂಗಳೂರಿನಿಂದ ಉತ್ತರ ಬಂತು: ಹೊಸದೇನೂ ಇಲ್ಲ. ಫಿಲ್ಮನ್ನೇ ತೋರಿಸುತ್ತೇನೆಂದು ಗಿರಿಧರ ಬೀರು ತೆಗೆದದ್ದು ಆಗಲೇ.

ಸಂಜೆಯೊಳಗೆ 'ಸುಳ್ಳು ಹೇಳಿದೆ' ಎಂದು ಬರೆದುಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಹೇಳಿ ಪ್ರಿನ್ಸಿಪಾಲರು ಹೋದರು. ಹೊರಗೆ ಹುಡುಗರು ಕಿಟಕಿಗೆ ಜೋತುಬಿದ್ದಿದ್ದರು. ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡು ಆ ಬೇಗೆಯಲ್ಲಿ ಗಿರಿಧರನೂ ನಾನೂ ಬೆವರುತ್ತ ಕೂತೆವು. ನಾನು ಕನ್ನಡ ಮೇಷ್ಟ್ರು, ನಕ್ಷತ್ರದ ಗಂಧವಿಲ್ಲ. ಆದರೆ ನನ್ನ ಪಕ್ಕದ ಮನೆಯ ವರದರಾಜರು ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ನೋಡಿ ನಿವೃತ್ತರಾದವರು. ಅವರನ್ನು ಕರೆಸಿದೆ.

"ಬೀರುವಿನ ಬೀಗದ ಕೈ?"

"ನನ್ನ ಹತ್ರ ಒಂದು, ನನ್ನ ಹಾಗೇ ಅರೆಕಾಲಿಕ ಆಗಿರೋ ರವೀಂದ್ರನ ಹತ್ರ ಒಂದು," ಎಂದ ಗಿರಿಧರ. "ಇರೋ ಒಂದು ಕಾಯಂ ಹುದ್ದೆಗೆ ಕಾಯ್ತಿರೋರು ನಾವಿಬ್ಬರೇ. ಅವನೇ ಸಾರ್!"

"ಕದಿಯೋನು ಫಿಲ್ಮನ್ನೇ ಕದೀತಾನೆ ಕಣಯ್ಯ. ಒಂದು ಚುಕ್ಕಿ ಯಾರು ಕದೀತಾರೆ?"

ಗಿರಿಧರ ಫಿಲ್ಮನ್ನು ಅವರ ಕೈಗಿಟ್ಟ. ತಾನೇ ಭ್ರಮೆಪಟ್ಟೆನೇನೋ ಎಂಬ ಅನುಮಾನ ಆಗ ಅವನಿಗೂ ಬಂತು.

ವರದರಾಜರು ಫಿಲ್ಮನ್ನು ಬೆಳಕಿಗೆ ನೇರ ಹಿಡಿಯಲಿಲ್ಲ, ಓರೆ ಮಾಡಿ ಹಿಡಿದರು. ಹೊಳಪಿನ ನಡುವೆ ಸಾಸಿವೆಗಿಂತ ಸಣ್ಣದೊಂದು ಜಾಗ ಮಂಕಾಗಿತ್ತು. ಅವರು ಮೀಸೆ ನೀವಿಕೊಂಡು, ಪ್ರಿಂಟ್ ಹಾಕಿದ್ದು ಯಾರೆಂದು ಕೇಳಿದರು.

ಪೇಟೆಬೀದಿಯ ಲಕ್ಕಯ್ಯ. ಅವನ ಸ್ಟುಡಿಯೊದಲ್ಲಿ ಫೋಟೊ ತೆಗೆಸಿದ ಯಾವ ಮದುಮಗಳಿಗೂ ಮೊಡವೆ ಇರುತ್ತಿರಲಿಲ್ಲ. ನಾವು ಹೋದಾಗಲೂ ಯಾರದೋ ಮೂಗು ತಿದ್ದುತ್ತಿದ್ದ.

"ಇದನ್ನ ಕೆರೆದೋನು ನೀನೇ ತಾನೇ?" ವರದರಾಜರು ಫಿಲ್ಮ್ ಚಾಚಿದರು.

"ಊಂ ಸಾ," ಎಂದ ಲಕ್ಕಯ್ಯ, ಹೆಮ್ಮೆಯಿಂದಲೇ. "ಎರಡೂ ಒಂದೇ ಜಾಗ ಅಂದಿದ್ರು ಮೇಷ್ಟ್ರು. ಒಂದ್ರಾಗೆ ಒಂದು ಚುಕ್ಕಿ ಜಾಸ್ತಿ ಇತ್ತು. ಧೂಳು ಕೂತದೆ ಅಂತ ಬ್ಲೇಡಲ್ಲಿ ತೆಗೆದ್ಬುಟ್ಟೆ. ಅದಕ್ಕೆ ಕಾಸು ಇಸ್ಕಂಡಿಲ್ಲ ಸಾ."

ಗಿರಿಧರ ಅಲ್ಲೇ ಸ್ಟೂಲಿನ ಮೇಲೆ ಕುಸಿದ. "ಮುಗೀತು. ಇದ್ದದ್ದು ಒಂದೇ ಸಾಕ್ಷಿ."

"ಸಾಕ್ಷಿ ಈಗ್ಲೇ ಸಿಕ್ಕಿರೋದು," ಎಂದರು ವರದರಾಜರು. "ಇವನು ಎರಡನ್ನೂ ಹೋಲಿಸಿ ನೋಡಿ, ಹೊಸದನ್ನೇ ಕೆರೆದಿದ್ದಾನೆ. ನೀನು ಕಂಡದ್ದನ್ನ ಇವನೂ ಕಂಡಿದ್ದಾನೆ. ಗಾಯ ಎಲ್ಲಿದೆಯೋ ನಕ್ಷತ್ರ ಅಲ್ಲೇ. ಆ ಜಾಗ ಅಳೆದು ಫೋನ್ ಮಾಡು, ಅವರು ದೊಡ್ಡ ದೂರದರ್ಶಕ ತಿರುಗಿಸಿ ನೋಡಲಿ."

ಎಸ್‌ಟಿಡಿ ಬೂತಿನಿಂದ ಗಿರಿಧರ ಅಳತೆ ಹೇಳಿದ. ಸಂಜೆ ಪ್ರಿನ್ಸಿಪಾಲರು ಚಾಚಿದ ಕಾಗದಕ್ಕೆ ಸಹಿ ಹಾಕಲಿಲ್ಲ. ಅಂದೇ ಕೆಲಸ ಹೋಯಿತು.

ಮರುದಿನ ಬೂತಿನ ಫೋನ್ ರಿಂಗಣಿಸಿದಾಗ ನಾವು ನಾಲ್ವರೂ ಅಲ್ಲೇ ಇದ್ದೆವು. ಗಿರಿಧರ ಕೇಳಿಸಿಕೊಂಡು, ನಮ್ಮತ್ತ ತಿರುಗಿ ಹೇಳಿದ. ಮಂಕಾಗುತ್ತಿದೆಯಂತೆ, ಆದರೆ ಇದೆ. ಎಕ್ಸ್-ರೇ ಉಗುಳುತ್ತಿರುವುದು ಅದೇ.

ನಿನ್ನೆಯಿಂದ ಅನ್ನ ಬಿಟ್ಟಿದ್ದ ಲಕ್ಕಯ್ಯ ಮೆಲ್ಲಗೆ ಅವನ ತೋಳು ಮುಟ್ಟಿದ.

"ನಾನು ಕೆರೆದ್ರೂ ಐತಾ ಸಾ?"