ಎಡಗಡೆಯ ಮಡ್ಗಾರ್ಡು

ಹಳೇ ಕಾರಿನ ಹುಚ್ಚು ಹಿಡಿದವರನ್ನು ಕಂಡರೆ ದನದ ಡಾಕ್ಟರಿಗೆ ಮೊದಲಿಂದಲೂ ತಾತ್ಸಾರ. ಮುದಿ ಎಮ್ಮೆ ಸಾಕುವವನಿಗೆ ಸಗಣಿಯಾದರೂ ಸಿಗುತ್ತದೆ, ಇವರಿಗೆ ಸಿಗುವುದು ತುಕ್ಕು ಮಾತ್ರ ಎಂದು ಅವರು ಆಡಿಕೊಳ್ಳುತ್ತಿದ್ದರು. ಭೂಗೋಳದ ಮೇಷ್ಟ್ರ ಹೆಂಡತಿ ಬಂದು ಮುಂದಿನ ಕೋಣೆಯಲ್ಲಿ ಕುಳಿತ ಬೆಳಿಗ್ಗೆ ಮಾತ್ರ ಆ ಮಾತು ಗಂಟಲಲ್ಲೇ ಉಳಿಯಿತು. ಮೇಷ್ಟ್ರು ತಮ್ಮ ಗ್ಯಾರೇಜಿನಲ್ಲಿ, ತಾವೇ ಜೀರ್ಣೋದ್ಧಾರ ಮಾಡುತ್ತಿದ್ದ ಕಾರಿನಡಿ ಸಿಕ್ಕಿ ಸತ್ತಿದ್ದರು. ಜಾಕ್ ಜಾರಿತು, ಆಕಸ್ಮಿಕ ಎಂದು ಪೊಲೀಸರು ಕೈತೊಳೆದುಕೊಂಡಿದ್ದರು.

ಆಕೆ ಬಂದದ್ದು ಡಾಕ್ಟರನ್ನು ನೋಡಲು ಅಲ್ಲ, ಅವರ ಸೋದರತ್ತೆಯನ್ನು. ಪೊಲೀಸ್ ಪ್ರಯೋಗಾಲಯದಲ್ಲಿ ಕೂದಲು, ಮಣ್ಣು, ಬಣ್ಣದ ಚಕ್ಕೆ ನೋಡುತ್ತಲೇ ತಲೆ ನರೆಸಿಕೊಂಡ ಅತ್ತೆ, ನಿವೃತ್ತಿಯಾದ ಮೇಲೆ ಅಳಿಯನ ಮನೆಯ ಮಹಡಿಯಲ್ಲಿದ್ದರು. ಮಣ್ಣಿಗೆ ಸುಳ್ಳು ಹೇಳಲು ಬರುವುದಿಲ್ಲ, ಆದ್ದರಿಂದ ಅದರ ಮೇಲೆ ಗೌರವ. ಮನುಷ್ಯರ ಮೇಲೆ ಅಷ್ಟಕ್ಕಷ್ಟೇ ಎನ್ನುವುದು ಅವರ ಸಿದ್ಧಾಂತ. ಊರಿನ ಎಷ್ಟೋ ಗಂಟುಗಳನ್ನು ಅವರು ಬಿಡಿಸಿದ್ದರು. ಪ್ರತಿ ಸಲವೂ ಡಾಕ್ಟರು ಜೊತೆಗಿದ್ದು, ಪ್ರತಿ ಸಲವೂ ತಪ್ಪು ಮನುಷ್ಯನನ್ನೇ ಅನುಮಾನಿಸಿದ್ದರು.

"ನಮ್ಮೆಜಮಾನ್ರು ಬರೀ ಜಾಕ್ ನಂಬಿ ಕಾರಿನಡಿ ಹೋಗೋರಲ್ಲ" ಎಂದರು ಮೇಷ್ಟ್ರ ಹೆಂಡತಿ. "ಮುಂದಿನ ಚಕ್ರ ಬಿಚ್ಚಿದ ದಿನಾನೇ ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಕೂರಿಸಿದ್ರು. ಆಮೇಲೆ ಅದನ್ನ ಮುಟ್ಟೇ ಇರ್ಲಿಲ್ಲ."

ಉಳಿದದ್ದನ್ನು ಆಕೆ ತಡೆತಡೆದು ಹೇಳಿದರು. ಗ್ರಂಥಾಲಯದ ಕೆಲಸ ಮುಗಿಸಿ ಸಂಜೆ ಮನೆಗೆ ಬಂದಾಗ ಗ್ಯಾರೇಜಿನ ಶಟರ್ ಪೂರ್ತಿ ಇಳಿದಿತ್ತು. ಎತ್ತಿದರೆ ಮೂಗಿಗೆ ಬಡಿದದ್ದು ಬಣ್ಣದ ಘಾಟು, ಕಣ್ಣಿಗೆ ಬಿದ್ದದ್ದು ಕಾರಿನಡಿಯಿಂದ ಹೊರಚಾಚಿದ ಗಂಡನ ಕಾಲು. ಬೇರೇನನ್ನೂ ನೋಡುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಪೊಲೀಸರು ಅಂದೇ ಗ್ಯಾರೇಜಿಗೆ ಬೀಗ ಹಾಕಿದ್ದರು.

ಮನೆಗೆ ಬಣ್ಣ ತಂದಿದ್ದರೇ ಎಂದು ಅತ್ತೆ ಕೇಳಿದರು. ಇಲ್ಲವೆಂದು ಆಕೆ ತಲೆಯಾಡಿಸಿದರು. ತುಕ್ಕೆಲ್ಲ ಹೋಗುವ ತನಕ ಬಣ್ಣದ ಡಬ್ಬ ಮನೆಯೊಳಗೆ ಬರಕೂಡದೆಂದು ಮೇಷ್ಟ್ರು ಹಟ ಹಿಡಿದಿದ್ದರಂತೆ.

ಬೀಗ ತೆಗೆದುಕೊಟ್ಟ ಇನ್‌ಸ್ಪೆಕ್ಟರಿಗೆ ಒಂದು ಕಾಲದಲ್ಲಿ ಅತ್ತೆಯೇ ಪಾಠ ಹೇಳಿದ್ದರು. ಆ ಭಯ ಇನ್ನೂ ಅವರ ಮುಖದಲ್ಲಿತ್ತು. ಗ್ಯಾರೇಜು ಮೇಷ್ಟ್ರ ಹಾಗೇ ಶಿಸ್ತಾಗಿತ್ತು: ಗೋಡೆಗೆ ಸ್ಪ್ಯಾನರುಗಳು ಅಳತೆಯ ಪ್ರಕಾರ, ಬಿಚ್ಚಿದ ಪ್ರತಿ ಬೋಲ್ಟಿಗೂ ಒಂದು ಚೀಟಿ, ಮಲಗಿ ಕೆಲಸ ಮಾಡುವ ಗಾಲಿ ಹಲಗೆ ಗೋಡೆಯ ಮೊಳೆಯಲ್ಲಿ. ನಡುವೆ ಕಾರು, ಅಲ್ಲಲ್ಲಿ ಹಸಿರು ಉಳಿದು ಮಿಕ್ಕಿದ್ದೆಲ್ಲ ತುಕ್ಕು. ಇಂಥದ್ದಕ್ಕೆ ಒಬ್ಬ ಓದಿದ ಮನುಷ್ಯ ಜೀವ ತೇಯ್ದನಲ್ಲ ಎಂದು ಡಾಕ್ಟರಿಗೆ ಅಯ್ಯೋ ಅನ್ನಿಸಿತು.

ಎಡಗಡೆಯ ಮುಂದಿನ ಮಡ್ಗಾರ್ಡು ಮಾತ್ರ ಬಣ್ಣಕ್ಕೆ ಮುಂಚೆ ಹೊಡೆಯುವ ಬೂದು ಪ್ರೈಮರ್ ಹೊದ್ದುಕೊಂಡಿತ್ತು. ತುಕ್ಕಿನ ಮೇಲೆಯೇ ಹೊಡೆದದ್ದು, ಅಲ್ಲಲ್ಲಿ ಕಣ್ಣೀರಿನ ಹಾಗೆ ಇಳಿದಿತ್ತು. ಸ್ಟ್ಯಾಂಡುಗಳು ಗೋಡೆಗೆ ಒರಗಿದ್ದವು. ಅವು ತಿಂಗಳುಗಟ್ಟಲೆ ನಿಂತಿದ್ದ ಜಾಗದಲ್ಲಿ, ಧೂಳು ತುಂಬಿದ ನೆಲದ ಮೇಲೆ ಎರಡು ಸ್ವಚ್ಛ ಚೌಕಗಳು ಕಾಣುತ್ತಿದ್ದವು.

ಮೇಷ್ಟ್ರ ಬಟ್ಟೆಗಳನ್ನು ಇನ್‌ಸ್ಪೆಕ್ಟರ್ ಒಂದು ಚೀಲದಲ್ಲಿ ತಂದಿದ್ದರು. ಪ್ಯಾಂಟಿನ ಎರಡೂ ಮೊಣಕಾಲಿಗೆ ಕೆಂಪು ತುಕ್ಕು ಮೆತ್ತಿತ್ತು. ಅಂಗಿಯ ಎದೆಯ ಮೇಲೆ ಕಾರು ಒತ್ತಿದ ಗೆರೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಗೆದು ತಂದಷ್ಟು ಶುಭ್ರ. ಬೂಟಿನ ಅಟ್ಟೆಯ ಮೇಲೆ, ಗೀರುಗಳ ಒಳಗೂ, ಸಾಸಿವೆಗಿಂತ ಸಣ್ಣ ಬೂದು ಚುಕ್ಕಿಗಳು.

"ಪಾಪ, ಬಣ್ಣ ತುಳಿದಿದ್ದಾರೆ" ಎಂದರು ಡಾಕ್ಟರು.

ಅತ್ತೆ ಅಳಿಯನ ಮುಖ ನೋಡಿದರು. "ನಿನ್ನ ಹತ್ರ ಬರೋ ಎಮ್ಮೆಗಳ ಪುಣ್ಯ ದೊಡ್ಡದು ಕಣೋ. ಅವಕ್ಕೆ ನಿನ್ನ ಮಾತು ಅರ್ಥ ಆಗಲ್ಲ."

ಅವರು ಚಾಕುವಿನ ತುದಿಯಿಂದ ಆ ಮಡ್ಗಾರ್ಡನ್ನು ಒಂದಿಷ್ಟು ಕೆರೆದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಂಡದ್ದನ್ನು ಕೇಳಿದಾಗ, ಪ್ರೈಮರಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆನೆಬಣ್ಣ, ನಡುವೆ ಒಂದು ಕಡೆ ಅಂಗೈಯಗಲ ಸೀಸದ ತೇಪೆ ಎಂದಷ್ಟೇ ಹೇಳಿದರು.

ಮೊದಲು ಕಂಡದ್ದು ಮೇಷ್ಟ್ರ ತಮ್ಮನನ್ನು. ಅಣ್ಣನ ಗ್ಯಾರೇಜಿನಲ್ಲಿ ಜಿಮ್ ತೆರೆಯಬೇಕೆಂದು ಅವನ ಆಸೆ. ಹಿಂದಿನ ವಾರ ಅದೇ ವಿಷಯಕ್ಕೆ ಬೀದಿ ಕೇಳುವ ಹಾಗೆ ಜಗಳವಾಡಿದ್ದ. ತೋಳು ದಪ್ಪ, ತಲೆ ಸಪಾಟು. ಅಣ್ಣ ಸತ್ತ ದುಃಖದ ನಡುವೆಯೂ ಕನ್ನಡಿ ಕಂಡಾಗೆಲ್ಲ ಅವನ ಕಣ್ಣು ತೋಳಿನ ಕಡೆಗೇ ಹೋಗುತ್ತಿತ್ತು. ಜಾಕ್ ಇಲ್ಲದೆಯೇ ಕಾರು ಎತ್ತಬಲ್ಲ ಆಸಾಮಿ, ಇವನೇ ಇರಬೇಕೆಂದು ಡಾಕ್ಟರು ತೀರ್ಮಾನಿಸಿಬಿಟ್ಟರು.

ಪಕ್ಕದ ಮನೆಯವರು ಗಡಿಯಾರ ರಿಪೇರಿಯವರು, ಒಂಟಿ ಮನುಷ್ಯ. ಬಾಗಿಲು ತೆರೆಯಲು ಕಾಲೆಳೆಯುತ್ತಾ ಬಂದರು. ಗ್ಯಾರೇಜಿನ ಉಜ್ಜುವ ಸದ್ದಿಗೆ ಎಷ್ಟೋ ಸಲ ಪೊಲೀಸರಿಗೆ ದೂರು ಕೊಟ್ಟದ್ದನ್ನು ಮುಚ್ಚಿಡಲಿಲ್ಲ. ಸಾಯುವ ಹಿಂದಿನ ದಿನ ಮಾತ್ರ ಮೇಷ್ಟ್ರು ತಾವಾಗಿಯೇ ಬಂದು ಕುಳಿತಿದ್ದರಂತೆ.

"ವರ್ಷಗಟ್ಟಲೆ ಮುಖ ತಿರುಗಿಸ್ಕೊಂಡು ಓಡಾಡಿದ ಮನುಷ್ಯ, ನನ್ನ ಕಾಲಿಗೆ ಏನಾಗಿತ್ತು ಅಂತ ಕೇಳಿದ್ರು" ಎಂದರು ಅವರು. "ಹೇಳ್ದೆ. ಚಿಕ್ಕವನಿದ್ದಾಗ ಕಾರು ಹೊಡೀತು. ಕೈ ಹಿಡ್ಕೊಂಡಿದ್ದ ಅಕ್ಕ ಅಲ್ಲೇ ಹೋದ್ಲು. ಹೊಡೆದೋನು ಸಿಗ್ಲೇ ಇಲ್ಲ. ಕಾರಿನ ಬಣ್ಣ ಯಾವ್ದು ಅಂತ ಕೇಳಿದ್ರು. ಕೆನೆಬಣ್ಣ ಅಂದೆ. ಒಂದೂ ಮಾತಾಡ್ದೆ ಎದ್ದುಹೋದ್ರು."

ಕೊನೆಗೆ ಹೋದದ್ದು ಹಳೇ ಕಾರು ಸಂಘದ ಅಧ್ಯಕ್ಷರ ಮನೆಗೆ. ಊರಲ್ಲಿ ಯಾವ ಹಳೇ ಕಾರಿಗೆ ಎಷ್ಟು ಮರ್ಯಾದೆ ಸಲ್ಲಬೇಕೆಂದು ತೀರ್ಪು ಕೊಡುವವರು ಅವರೇ. ಹಜಾರದ ತುಂಬ ಗೆದ್ದ ಕಪ್‌ಗಳು, ಫಲಕ, ಶಾಲು. ಎಲ್ಲ ಕಡೆ ಅವರದೇ ಮುಖ. ಒಂದೇ ಒಂದು ಚಿತ್ರದಲ್ಲಿ ಅವರ ತಂದೆ ಕೆನೆಬಣ್ಣದ ಕಾರಿಗೆ ಒರಗಿ ನಿಂತಿದ್ದರು. ಮೇಷ್ಟ್ರದ್ದೂ ಇದೇ ಮಾಡೆಲ್ ಅಲ್ಲವೇ ಎಂದು ಅತ್ತೆ ವಿಚಾರಿಸಿದರು. ಹೌದು, ಆದರೆ ತಮ್ಮದನ್ನು ಅಪ್ಪ ಎಂದೋ ದೂರದ ಊರಿಗೆ ಮಾರಿದ್ದರೆಂದು ಅಧ್ಯಕ್ಷರು ಹೇಳಿದರು. ಮೇಷ್ಟ್ರು ಗುಜರಿಯಿಂದ ತಂದದ್ದು ಬರೀ ಕಸ, ಬಿಟ್ಟುಬಿಡು ಎಂದು ಎಷ್ಟೋ ಬಾರಿ ಬುದ್ಧಿ ಹೇಳಿದ್ದರಂತೆ.

"ಆ ಗ್ಯಾರೇಜಿಗೆ ನಾನು ಕಾಲೇ ಇಟ್ಟಿಲ್ಲ. ನೋಡಿದ್ರೆ ಸಂಕಟ ಆಗ್ತಿತ್ತು" ಎಂದು ಅವರು ನಿಟ್ಟುಸಿರು ಬಿಟ್ಟರು. "ಪಾಪ, ಒಂದು ಮಡ್ಗಾರ್ಡಿಗೆ ಪ್ರೈಮರ್ ಹೊಡೆಯೋ ಹೊತ್ತಿಗೆ ಆಯಸ್ಸೇ ಮುಗೀತು. ಗೆಳೆಯನ ನೆನಪಿಗೆ ಅಂತ ಆ ಕಾರನ್ನ ನಾನೇ ಕೊಂಡ್ಕೊಳ್ತೀನಿ. ಆಕೆಗೂ ಕಣ್ಮುಂದಿಂದ ಹೋಗುತ್ತೆ."

ಡಾಕ್ಟರ ಕಣ್ಣು ಒದ್ದೆಯಾಯಿತು. ಅತ್ತೆ ಗಂಟೆ ಎಷ್ಟೆಂದು ಕೇಳಿದರು. ಅಧ್ಯಕ್ಷರು ಚಿನ್ನದ ಗಡಿಯಾರವನ್ನು ಆಚೆ ಈಚೆ ವಾಲಿಸಿ, ಹೆಬ್ಬೆರಳಿನಿಂದ ಗಾಜು ಉಜ್ಜಿ, ಕಷ್ಟಪಟ್ಟು ಹೇಳಿದರು. ನೊಣ ಕೂತೆದ್ದ ಹಾಗೆ ಗಾಜಿನ ತುಂಬ ಚುಕ್ಕಿಗಳು. ಇಷ್ಟು ದುಬಾರಿ ಗಡಿಯಾರ ಕಟ್ಟಿಯೂ ಒರೆಸಿಕೊಳ್ಳಲು ಬಾರದಲ್ಲ ಎಂದು ಡಾಕ್ಟರು ಮನಸ್ಸಿನಲ್ಲೇ ನಕ್ಕರು. ಆ ನಗುವಿಗಾಗಿ ಮುಂದೆ ಅವರಿಗೇ ನಾಚಿಕೆಯಾಯಿತು.

ಎರಡು ದಿನ ಅತ್ತೆ ಇನ್‌ಸ್ಪೆಕ್ಟರನ್ನು ಊರೆಲ್ಲ ಓಡಾಡಿಸಿದರು. ಮೂರನೇ ಬೆಳಿಗ್ಗೆ ಎಲ್ಲರನ್ನೂ ಗ್ಯಾರೇಜಿಗೇ ಕರೆಸಿದರು. ಮೇಷ್ಟ್ರ ಹೆಂಡತಿ ಒಂದು ಸ್ಟೂಲಿನ ಮೇಲೆ, ಗಡಿಯಾರದವರು ಇನ್ನೊಂದರ ಮೇಲೆ, ಮೇಷ್ಟ್ರ ತಮ್ಮ ತೋಳು ಕಟ್ಟಿ ಗೋಡೆಗೆ ಒರಗಿ. ಅಧ್ಯಕ್ಷರಿಗೆ ಕೂರಲು ಕುರ್ಚಿಯೇ ಬೇಕಾಯಿತು, ಮನೆಯೊಳಗಿಂದ ತರಿಸಬೇಕಾಯಿತು. ಇನ್‌ಸ್ಪೆಕ್ಟರ್ ಶಟರಿನ ಹತ್ತಿರ ನಿಂತರು.

ಪೊಲೀಸರು ಬೀಗ ಹಾಕುವ ಮುಂಚೆ ಕಾರಿನ ಯಾವ ಭಾಗಕ್ಕೆ ಪ್ರೈಮರ್ ಹೊಡೆದಿತ್ತು ಎಂದು ಅತ್ತೆ ಒಬ್ಬೊಬ್ಬರನ್ನೇ ಕೇಳಿದರು. ಘಾಟು ಬಂದಿತ್ತು, ಎಲ್ಲಿಗೆ ಅಂತ ನೋಡಲಿಲ್ಲ ಎಂದರು ಮೇಷ್ಟ್ರ ಹೆಂಡತಿ. ತಮ್ಮನಿಗೂ ಗಡಿಯಾರದವರಿಗೂ ಗೊತ್ತಿರಲಿಲ್ಲ. ಬೀಗ ಹಾಕಿದವರು ಅದನ್ನು ಯಾರಿಗೂ ಹೇಳಿಲ್ಲವೆಂದು ಇನ್‌ಸ್ಪೆಕ್ಟರ್ ಖಚಿತಪಡಿಸಿದರು.

"ಕಾಲೇ ಇಡದ ಅಧ್ಯಕ್ಷರಿಗೆ ಮಾತ್ರ ಗೊತ್ತಿತ್ತು. ಒಂದು ಮಡ್ಗಾರ್ಡು ಅಂತ ಲೆಕ್ಕ ಸಮೇತ" ಎಂದರು ಅತ್ತೆ.

ಯಾರೋ ಹೇಳಿರಬೇಕು ಎಂದರು ಅಧ್ಯಕ್ಷರು.

ಅತ್ತೆ ಪಾಠ ಹೇಳುವ ಹಾಗೆ ಶುರು ಮಾಡಿದರು. ತುಕ್ಕು ಹಿಡಿದ ಕಾರಿನಡಿ ಮಲಗಿ ಕೆಲಸ ಮಾಡುವವನ ಎದೆ, ಮುಖದ ಮೇಲೆ ತುಕ್ಕು ಉದುರುತ್ತದೆ. ಮೇಷ್ಟ್ರ ಎದೆಯ ಮೇಲೆ ಉದುರಿದ ತುಕ್ಕಿರಲಿಲ್ಲ, ಮೊಣಕಾಲಿಗೆ ತುಕ್ಕಿತ್ತು. ಅಂದರೆ ಅವರು ಕಾರಿನಡಿ ಇರಲಿಲ್ಲ, ಅದರ ಮುಂದೆ ಮಂಡಿಯೂರಿ ಯಾರಿಗೋ ಏನನ್ನೋ ತೋರಿಸುತ್ತಿದ್ದರು. ತಲೆಯ ಹಿಂಬದಿಯ ಗಾಯ ನೆಲ ತಾಗಿ ಆದದ್ದೆಂದು ಪೊಲೀಸರು ಬರೆದುಕೊಂಡಿದ್ದರು. ಅದು ಸ್ಪ್ಯಾನರಿನ ಪೆಟ್ಟು. ಹೊಡೆದವನು ಜಾಕ್ ಕೊಟ್ಟು ಕಾರೆತ್ತಿ, ಸ್ಟ್ಯಾಂಡುಗಳನ್ನು ತೆಗೆದು ಗೋಡೆಗಿಟ್ಟು, ಪ್ರಜ್ಞೆಯಿಲ್ಲದ ಮನುಷ್ಯನನ್ನು ಅಡಿಗೆ ತಳ್ಳಿ ಜಾಕನ್ನು ಸಡಿಲಿಸಿದ. ಕಾರು ಇಳಿದಾಗ ಮೇಷ್ಟ್ರಿಗೆ ಇನ್ನೂ ಉಸಿರಿತ್ತು.

ಮೇಷ್ಟ್ರ ಹೆಂಡತಿ ಕಣ್ಣು ಮುಚ್ಚಿಕೊಂಡರು. ಮೈದುನ ಗೋಡೆ ಬಿಟ್ಟು ಬಂದು ಅತ್ತಿಗೆಯ ಹಿಂದೆ ನಿಂತ.

ಆಮೇಲೆ ಆ ಕೊಲೆಗಾರ ಪ್ರೈಮರ್ ಹೊಡೆದ, ಎಂದು ಅತ್ತೆ ಮುಂದುವರಿಸಿದರು. ಬಣ್ಣ ತುಳಿದರೆ ಅಟ್ಟೆಗೆ ಮೆತ್ತಿಕೊಳ್ಳುತ್ತದೆ, ಗೀರಿನ ಒಳಗೆಲ್ಲ ಸಣ್ಣ ಹನಿಯಾಗಿ ಕೂರುವುದಿಲ್ಲ. ಸ್ಪ್ರೇ ಡಬ್ಬದಿಂದ ಮಂಜಿನ ಹಾಗೆ ಹಾರುವ ಬಣ್ಣ ಅಟ್ಟೆಗೆ ಬೀಳಬೇಕಾದರೆ ಕಾಲು ಆಗಲೇ ಹೊರಚಾಚಿ ಬಿದ್ದಿರಬೇಕು. ಸತ್ತವನು ಎದ್ದು ಬಂದು ಬಣ್ಣ ಹೊಡೆಯಲಾರ. ಅದೂ ತುಕ್ಕಿನ ಮೇಲೆ, ಇಳಿದುಹೋಗುವ ಹಾಗೆ! ಬೋಲ್ಟಿಗೆ ಚೀಟಿ ಅಂಟಿಸುವ ಮೇಷ್ಟ್ರು ಬದುಕಿದ್ದಾಗಲೂ ಅಂಥ ಕೆಲಸ ಮಾಡುತ್ತಿರಲಿಲ್ಲ. ಹೊಡೆದವನ ಮೇಲೂ ಅದೇ ಮಂಜು ಬಿತ್ತು. ಬಟ್ಟೆ ಬದಲಾಯಿಸಿದ, ಕೈ ತೊಳೆದ, ಗಡಿಯಾರ ಮರೆತ.

ಅಧ್ಯಕ್ಷರ ಬಲಗೈ ಎಡ ಮಣಿಕಟ್ಟನ್ನು ಮುಚ್ಚಿತು. ಆಗ ಡಾಕ್ಟರಿಗೆ ಎಲ್ಲ ಒಟ್ಟಿಗೇ ಹೊಳೆದು ಮೈ ಉರಿಯಿತು. ಈ ಮನುಷ್ಯನ ನಿಟ್ಟುಸಿರಿಗೆ ತಾನು ಕಣ್ಣೀರು ಹಾಕಿದ್ದೆನಲ್ಲ!

ಪ್ರೈಮರಿನಿಂದ ಮುಚ್ಚಿಟ್ಟದ್ದು ಸೀಸದ ತೇಪೆಯನ್ನು, ಅದರ ಸುತ್ತಲಿನ ಕೆನೆಬಣ್ಣವನ್ನು ಎಂದರು ಅತ್ತೆ. ಗಡಿಯಾರದವರಿಗೂ ಅವರ ಅಕ್ಕನಿಗೂ ಗುದ್ದಿದ್ದು ಈ ಕಾರೇ. ಗುದ್ದಿದ ಜಾಗವನ್ನು ಸೀಸದಿಂದ ತುಂಬಿ ಇಡೀ ಕಾರಿಗೆ ಹಸಿರು ಬಳಿದಿದ್ದರು. ಅದು ದೂರದ ಊರಿಗೆ ಹೋಗಿರಲೇ ಇಲ್ಲ. ಅಧ್ಯಕ್ಷರ ತಂದೆಯ ಹಳೇ ಕೊಟ್ಟಿಗೆಯಲ್ಲೇ ಕೊಳೆಯುತ್ತಿತ್ತು. ಚಿಕ್ಕಪ್ಪನ ಮಕ್ಕಳು ಕೊಟ್ಟಿಗೆ ಖಾಲಿ ಮಾಡಿಸಿ, ಇವರಿಗೆ ಹೇಳದೆಯೇ ಗುಜರಿಗೆ ಹಾಕಿದ್ದರು. ಗುಜರಿಯವನೂ ಆ ದಾಯಾದಿಗಳೂ ಅದನ್ನು ಇನ್‌ಸ್ಪೆಕ್ಟರ ಮುಂದೆ ಒಪ್ಪಿದ್ದರು. ಹಸಿರು ಕೆರೆದಾಗ ಕೆಳಗೆ ಸಿಕ್ಕ ಬಣ್ಣ ಮೇಷ್ಟ್ರಿಗೆ ಗೆಳೆಯನ ಹಜಾರದ ಚಿತ್ರವನ್ನು ನೆನಪಿಸಿತು. ಪಕ್ಕದ ಮನೆಗೆ ಹೋಗಿ ಕೇಳಿ ಖಾತ್ರಿ ಮಾಡಿಕೊಂಡರು. ಮಾರನೇ ಮಧ್ಯಾಹ್ನ ಅಧ್ಯಕ್ಷರಿಗೆ ಫೋನು ಮಾಡಿದರು.

"ನೇರ ಪೊಲೀಸರಿಗೆ ಮಾಡಿದ್ರೆ ಬದುಕಿರ್ತಿದ್ರು" ಎಂದರು ಅತ್ತೆ. "ಒಳ್ಳೇ ಮನುಷ್ಯ. ನೀನೇ ಹೋಗಿ ಒಪ್ಕೋ ಅಂತ ನಿಮಗೊಂದು ಅವಕಾಶ ಕೊಟ್ರು. ನೀವು ಪ್ರೈಮರ್ ಡಬ್ಬ ಹಿಡ್ಕೊಂಡು ಬಂದ್ರಿ. ಖಾಲಿ ಡಬ್ಬ ನಿಮ್ಮ ಶೆಡ್ಡಿನಲ್ಲಿ ಇವತ್ತು ಬೆಳಿಗ್ಗೆ ಸಿಕ್ತು."

ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಆ ದಿನ ಕಾರು ಓಡಿಸಿದಾಗ ತನಗೆ ಇಪ್ಪತ್ತು ವರ್ಷ, ಹುಡುಗುಬುದ್ಧಿ ಎಂದರು. ಎಲ್ಲ ಅಪ್ಪನೇ ಮುಚ್ಚಿಹಾಕಿದ್ದು ಎಂದರು. ಸಂಘಕ್ಕೆ ತಾನು ಮಾಡಿದ ಸೇವೆಯನ್ನೂ ನೆನಪಿಸಿದರು. ತನ್ನಂಥವನ ಹೆಸರು ಒಂದು ತುಕ್ಕು ತಗಡಿನಿಂದ ಮಣ್ಣುಪಾಲಾಗುವುದು ನ್ಯಾಯವೇ ಎಂದು ಸುತ್ತ ಇದ್ದವರನ್ನು ನಿಜವಾಗಿಯೂ ಕೇಳಿದರು.

"ಹೆಸರು ಎಲ್ಲಿತ್ತು? ಇದ್ದದ್ದು ಬರೀ ಬಣ್ಣ" ಎಂದರು ಅತ್ತೆ. "ನಾನು ಬಹಳ ಕೊಲೆಗಾರರನ್ನ ನೋಡಿದ್ದೀನಿ. ಹೊಟ್ಟೆಗಿಲ್ಲದೆ ಕೊಂದೋರು, ಹೊಟ್ಟೆಕಿಚ್ಚಿಗೆ ಕೊಂದೋರು. ಕುರ್ಚಿ ಮೇಲೆ ಕೂತ್ಕೊಳ್ಳೋಕೆ ಗೆಳೆಯನ್ನ ಕೊಂದೋನನ್ನ ಈಗ್ಲೇ ನೋಡಿದ್ದು. ಎದ್ದೇಳಿ ಅದರಿಂದ."

ಇನ್‌ಸ್ಪೆಕ್ಟರ್ ಭುಜಕ್ಕೆ ಕೈ ಹಾಕಿದಾಗ ಅಧ್ಯಕ್ಷರು ಎದ್ದರು. ಗಡಿಯಾರದವರು ಗೋಡೆ ಹಿಡಿದು ಎದ್ದುನಿಂತು ದಾರಿಗೆ ಅಡ್ಡ ಬಂದರು. ಹೊಡೆಯುತ್ತಾರೇನೋ ಎಂದು ಡಾಕ್ಟರು ಹತ್ತಿರ ಸರಿದರು. ಅವರು ಕೈ ಎತ್ತಲಿಲ್ಲ.

"ಒಂದೇ ಮಾತು ಕೇಳ್ತೀನಿ" ಎಂದರು. "ಹೊಡೆದ ಮೇಲೆ ನೀವು ನಿಲ್ಲಿಸಿದ್ರಿ. ನನಗೆ ನೆನಪಿದೆ, ಬಾಗಿಲು ತೆಗೆದ ಸದ್ದು ಕೇಳ್ಸಿತ್ತು. ಇಷ್ಟು ವರ್ಷ ಅಂದ್ಕೊಂಡಿದ್ದೆ, ಆ ಮನುಷ್ಯ ನಮ್ಮನ್ನ ನೋಡೋಕೆ ಇಳಿದ, ಅಕ್ಕ ಹೋಗಿದ್ದು ಕಂಡು ಹೆದರಿ ಓಡಿದ ಅಂತ. ಇಳಿದಿದ್ರಿ ತಾನೇ?"

ಅಧ್ಯಕ್ಷರು ನೆಲ ನೋಡಿದರು.

"ಇಳಿದಿದ್ದೆ" ಎಂದರು. "ಹೆಡ್‌ಲೈಟ್ ಒಡೆದಿದೆಯಾ ಅಂತ ನೋಡೋಕೆ."

ಗಡಿಯಾರದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇನ್‌ಸ್ಪೆಕ್ಟರ್ ಅಧ್ಯಕ್ಷರನ್ನು ಕರೆದೊಯ್ದರು. ಕೊನೆಗೆ ಮೇಷ್ಟ್ರ ಹೆಂಡತಿ ಎದ್ದು, ನಿಂತೇ ಇದ್ದ ಗಡಿಯಾರದವರ ತೋಳು ಹಿಡಿದು, "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದು ಮನೆಯೊಳಕ್ಕೆ ನಡೆಸಿಕೊಂಡು ಹೋದರು.